ಅಮೆರಿಕದ ಪ್ರೌಢಶಾಲೆಗಳ ರೆಟರಿಕ್ ಪರೀಕ್ಷೆ: ಸಿದ್ಧತೆಯ ಸ್ವರೂಪ

ಪರೀಕ್ಷೆಯಲ್ಲಿ ಉತ್ತರ ಬರೆಯುವುದೆಂದರೆ ಕಲಿತದ್ದನ್ನು ಒಪ್ಪಿಸುವುದು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಆಳವಾಗಿ ಬೇರೂರಿದೆ. ಅಶೋಕನ ಧರ್ಮನೀತಿಯನ್ನು ವಿಮರ್ಶಿಸಿರೆಂದು ಕೇಳಿದರೆ ಶಾಸನಗಳ ಪಟ್ಟಿ ಬರುತ್ತದೆ, ವಿಮರ್ಶೆ ಬರುವುದಿಲ್ಲ. ಇತಿಹಾಸದ ಉತ್ತರಪತ್ರಿಕೆಗಳನ್ನು ತಿದ್ದುವವರಿಗೆಲ್ಲ ಇದು ಪರಿಚಿತವಾದ ಬೇಸರ. ಆದಕಾರಣ, ಒಪ್ಪಿಸಲು ಏನೂ ಇಲ್ಲದಂತಹ ಒಂದು ಪರೀಕ್ಷೆಗೆ ಹದಿನಾರು ಹದಿನೇಳು ವರ್ಷದ ಹುಡುಗ ಹುಡುಗಿಯರು ಹೇಗೆ ಸಿದ್ಧರಾಗುತ್ತಾರೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಯೋಜನೆಯ 'ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್' ಎಂಬುದೇ ಆ ಪರೀಕ್ಷೆ.

ಇದರ ಪೂರ್ವೇತಿಹಾಸ ದೀರ್ಘವಾದುದು. ೧೮೦೬ರಲ್ಲಿ ಹಾರ್ವರ್ಡ್ ವಿದ್ಯಾಲಯದ ಬಾಯ್ಲ್‌ಸ್ಟನ್ ರೆಟರಿಕ್ ಪೀಠದ ಮೊದಲ ಪ್ರಾಧ್ಯಾಪಕನಾದವನು ಮುಂದೆ ರಾಷ್ಟ್ರಾಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸ್. ಆಗ ರೆಟರಿಕ್ ಎಂದರೆ ಮುಖ್ಯವಾಗಿ ಸಭೆಯಲ್ಲಿ ಮಾತನಾಡುವ ವಿದ್ಯೆ. ಶತಮಾನ ಕಳೆಯುವಷ್ಟರಲ್ಲಿ ಬಾಯಿಯ ಸ್ಥಾನವನ್ನು ಲೇಖನಿ ಆಕ್ರಮಿಸಿತು. ೧೮೭೦ರ ದಶಕದಲ್ಲಿ ಅದೇ ಹಾರ್ವರ್ಡ್ ಪ್ರವೇಶಾರ್ಥಿಗಳಿಂದ ಇಂಗ್ಲಿಷ್ ಪ್ರಬಂಧವೊಂದನ್ನು ಬರೆಯಿಸತೊಡಗಿತು. ೧೯೦೦ರಲ್ಲಿ ಕಾಲೇಜ್ ಬೋರ್ಡ್ ಸ್ಥಾಪಿತವಾಯಿತು. ಪ್ರೌಢಶಾಲೆಯಲ್ಲಿದ್ದುಕೊಂಡೇ ಕಾಲೇಜು ಮಟ್ಟದ ವ್ಯಾಸಂಗ ಮಾಡುವವರಿಗಾಗಿ ಅದು ೧೯೫೬ರಲ್ಲಿ ನಡೆಸಿದ ಮೊದಲ ಪರೀಕ್ಷೆಗಳಿಗೆ ಕುಳಿತವರು ೧,೨೨೯ ಮಂದಿ. ಸಾಹಿತ್ಯಪರೀಕ್ಷೆಯಿಂದ ಬೇರ್ಪಟ್ಟು ಭಾಷೆ ಮತ್ತು ಪ್ರಬಂಧರಚನೆಯ ಪರೀಕ್ಷೆ ಆರಂಭವಾದುದು ೧೯೮೦ರಲ್ಲಿ.

ಪರೀಕ್ಷೆಯ ಅವಧಿ ಮೂರು ಗಂಟೆ ಹದಿನೈದು ನಿಮಿಷ. ಮೊದಲ ಒಂದು ಗಂಟೆಯಲ್ಲಿ ಗದ್ಯಭಾಗಗಳನ್ನೋದಿ ೪೫ ಆಯ್ಕೆಪ್ರಶ್ನೆಗಳಿಗೆ ಉತ್ತರಿಸಬೇಕು. ಇದಕ್ಕೆ ಶೇಕಡ ೪೫ ಭಾಗ ಬೆಲೆ. ಉಳಿದ ಶೇಕಡ ೫೫ ಮೂರು ಪ್ರಬಂಧಗಳಿಗೆ ಸಲ್ಲುತ್ತದೆ. ಅವುಗಳಿಗೆ ಎರಡು ಗಂಟೆ ಹದಿನೈದು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಓದಿಗೆ ಮೀಸಲು. ಅಂತಿಮ ಫಲಿತಾಂಶವನ್ನು ೧ರಿಂದ ೫ರವರೆಗಿನ ಅಂಕೆಯಲ್ಲಿ ತಿಳಿಸುತ್ತಾರೆ. ೨೦೨೫ರಿಂದ ಬರವಣಿಗೆಯೆಲ್ಲ ಗಣಕಯಂತ್ರದ ಮೇಲೆಯೇ.

ಮೂರು ಪ್ರಬಂಧಗಳಲ್ಲಿ ರೆಟರಿಕ್ ವಿಶ್ಲೇಷಣೆ ಒಂದು. ಇಲ್ಲಿ ನಮ್ಮವರಿಗೆ ಒಂದು ತೊಡಕುಂಟು. ರೆಟರಿಕ್ ಎಂದೊಡನೆ ನಾವು ಅಲಂಕಾರಶಾಸ್ತ್ರವೆಂದು ಅನುವಾದಿಸಿಕೊಂಡು ಉಪಮೆ, ರೂಪಕಗಳನ್ನು ಹುಡುಕಲು ಹೊರಡುತ್ತೇವೆ. ಅಮೆರಿಕದ ಹುಡುಗರೂ ಮೊದಮೊದಲು ಹೀಗೆಯೇ ಮಾಡುತ್ತಾರೆ; ಅಧ್ಯಾಪಕರು ಮೊದಲು ಬಿಡಿಸಬೇಕಾದ ಚಟವೇ ಇದು. ಅರಿಸ್ಟಾಟಲನ ಕಾಲದಿಂದಲೂ ಈ ಶಾಸ್ತ್ರದ ವಿಷಯ ಮನವೊಲಿಸುವಿಕೆ: ಮಾತನಾಡುವವನ ಶೀಲ, ಕೇಳುವವರ ಭಾವ, ಮಾತಿನೊಳಗಿನ ಯುಕ್ತಿ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ, ಏನನ್ನು ಸಾಧಿಸಲು ಹೇಳಿದರು ಎಂಬುದು ಮೊದಲ ಪ್ರಶ್ನೆ. ಅಲಂಕಾರದ ಹೆಸರು ಕೊನೆಯದು. ನಮ್ಮ ಮೀಮಾಂಸಕರ ಔಚಿತ್ಯವೆಂಬ ಪರಿಕಲ್ಪನೆ ಇದಕ್ಕೆ ಅಲಂಕಾರಕ್ಕಿಂತ ಹತ್ತಿರವೆಂದು ನನಗೆ ತೋರುತ್ತದೆ.

ಒಂದು ನಿದರ್ಶನ. ೧೮೬೫ರ ಮಾರ್ಚ್ ೪ರಂದು ಲಿಂಕನ್ ಎರಡನೆಯ ಬಾರಿ ಅಧಿಕಾರ ಸ್ವೀಕರಿಸುವಾಗ ಮಾಡಿದ ಭಾಷಣ ಸುಮಾರು ಏಳುನೂರು ಪದಗಳಷ್ಟು ಮಾತ್ರ. ಅಂತರ್ಯುದ್ಧದಲ್ಲಿ ಉತ್ತರದ ಗೆಲುವು ಆಗಲೇ ಕಣ್ಣಿಗೆ ಕಾಣುತ್ತಿದ್ದಿತು. ಜಯಘೋಷವನ್ನು ನಿರೀಕ್ಷಿಸಿದವರು ಅನೇಕರಿದ್ದಿರಬೇಕು. ಲಿಂಕನ್ನನಾದರೋ ಯುದ್ಧದ ಆಗಮನವನ್ನು ಹೇಳುವಾಗ ಅದನ್ನು ತಂದವರು ಯಾರೆಂದು ಹೆಸರಿಸದೆ, ಯುದ್ಧವನ್ನೇ ಕರ್ತೃಸ್ಥಾನದಲ್ಲಿಟ್ಟು ಅತಿ ಚಿಕ್ಕ ವಾಕ್ಯವೊಂದರಿಂದ ಮುಗಿಸುತ್ತಾನೆ. ವಿದ್ಯಾರ್ಥಿ ಇಲ್ಲಿ 'ಲೇಖಕನು ಹ್ರಸ್ವವಾಕ್ಯವನ್ನು ಬಳಸಿದ್ದಾನೆ' ಎಂದಷ್ಟೇ ಬರೆದರೆ ಅದು ಲಕ್ಷಣ ಗುರುತಿಸಿದಂತಾಯಿತೇ ಹೊರತು ವಿಶ್ಲೇಷಣೆಯಾಗಲಿಲ್ಲ. ಸೋಲಲಿರುವ ದಕ್ಷಿಣದವರೊಡನೆ ನಾಳೆ ಒಂದೇ ರಾಷ್ಟ್ರವಾಗಿ ಬಾಳಬೇಕಾಗಿರುವಾಗ ಈ ಮೌನಕ್ಕೆ ಪ್ರಯೋಜನವಿದ್ದಿತು. ಆದರೂ ಯುದ್ಧಕ್ಕೆ ಗುಲಾಮಗಿರಿಯೇ ಕಾರಣವೆಂಬುದನ್ನು ಅವನು ಮರೆಮಾಚಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದು ತೋರಿಸಿದವನೇ ಉತ್ತರ ಬರೆದಂತೆ. ಇದಕ್ಕೆ ಸಿದ್ಧತೆಯೆಂದರೆ ವರ್ಷವಿಡೀ ಭಾಷಣ, ಪತ್ರ, ಪ್ರಬಂಧ, ಸಂಪಾದಕೀಯಗಳನ್ನು ನಿಧಾನವಾಗಿ ಓದಿ, ಪ್ರತಿ ಕಂಡಿಕೆಯೂ ಏನು ಹೇಳುತ್ತದೆ ಎಂಬುದರ ಪಕ್ಕದಲ್ಲಿ ಏನು ಮಾಡುತ್ತದೆ ಎಂಬುದನ್ನೂ ಬರೆದಿಡುವುದು. ಅಡ್ಡದಾರಿಯನ್ನು ನಾನು ಕಾಣೆ.

೨೦೦೭ರಲ್ಲಿ ಸೇರಿದ ಸಮನ್ವಯ ಪ್ರಬಂಧವು ಇತಿಹಾಸದವರಿಗೆ ಹೆಚ್ಚು ಆಪ್ತವಾದುದು. ಒಂದೇ ವಿವಾದವನ್ನು ಕುರಿತ ಆರು ಆಧಾರಗಳನ್ನು (ಅವುಗಳಲ್ಲಿ ಚಿತ್ರವೋ ಅಂಕಿಅಂಶಗಳ ಪಟ್ಟಿಯೋ ಇರುವುದುಂಟು) ಒದಗಿಸಿ, ಕನಿಷ್ಠ ಮೂರನ್ನು ಬಳಸಿಕೊಂಡು ತನ್ನ ನಿಲುವನ್ನು ಸ್ಥಾಪಿಸೆಂದು ಕೇಳುತ್ತಾರೆ. ಇದೇ ಯೋಜನೆಯ ಅಮೆರಿಕಾ ಇತಿಹಾಸದ ಪರೀಕ್ಷೆಯಲ್ಲಿ ೧೯೭೩ರಿಂದಲೇ ದಾಖಲೆಗಳನ್ನು ಮುಂದಿಟ್ಟು ಕೇಳುವ ಪ್ರಶ್ನೆ ಇದ್ದಿತು; ಇದು ಅದರ ತಮ್ಮನೆನ್ನಬಹುದು. ಆಧಾರಗಳನ್ನು ಒಂದರ ಹಿಂದೊಂದರಂತೆ ಸಾರಾಂಶಗೊಳಿಸುವವನು ಇಲ್ಲಿ ಸೋಲುತ್ತಾನೆ. ಒಂದು ಆಧಾರವನ್ನು ಇನ್ನೊಂದರೊಡನೆ ವಾದಕ್ಕೆ ನಿಲ್ಲಿಸಿ, ನಡುವೆ ತನ್ನ ದನಿ ಅಡಗಿಹೋಗದಂತೆ ನೋಡಿಕೊಳ್ಳಬೇಕು. ಮೂರನೆಯದು ವಾದಪ್ರಬಂಧ. ಅದರಲ್ಲಿ ಆಧಾರಗಳನ್ನೂ ಕೊಡುವುದಿಲ್ಲ. ತನ್ನ ಓದು, ಅನುಭವಗಳಿಂದಲೇ ನಿದರ್ಶನಗಳನ್ನು ತರಬೇಕು.

೨೦೨೦ರ ಪರೀಕ್ಷೆಯ ಹೊತ್ತಿಗೆ ಗುಣಾಂಕನದ ಕ್ರಮ ಬದಲಾಯಿತು. ಮೊದಲು ಪ್ರಬಂಧವನ್ನು ಇಡಿಯಾಗಿ ನೋಡಿ ಒಂಬತ್ತರ ಮೇಲೆ ಅಳೆಯುತ್ತಿದ್ದರು. ಈಗ ಆರು ಅಂಕ: ಸಮರ್ಥನೀಯವಾದ ಪ್ರತಿಪಾದನೆಗೆ ಒಂದು, ಆಧಾರ ಮತ್ತು ವ್ಯಾಖ್ಯಾನಕ್ಕೆ ನಾಲ್ಕು, ಚಿಂತನೆಯ ಪ್ರೌಢಿಮೆಗೆ ಒಂದು. ಬರಿಯ ಮಾಹಿತಿಗಿಂತ, ಮಾಹಿತಿಯಿಂದ ಪ್ರತಿಪಾದನೆಗೆ ಹಾಕಿದ ಸೇತುವೆಗೇ ಇಲ್ಲಿ ಬೆಲೆ. ಈ ವಿಭಜನೆಯಿಂದ ಕೇಡೂ ಇಲ್ಲದಿಲ್ಲ. ಅಂಕಗಳ ಅಚ್ಚಿಗೆ ತಕ್ಕಂತೆ ಬರೆಯುವ, ಮೊದಲ ಕಂಡಿಕೆಯ ಕೊನೆಯ ವಾಕ್ಯದಲ್ಲಿ ಪ್ರತಿಪಾದನೆಯನ್ನು ಯಾಂತ್ರಿಕವಾಗಿ ನೆಡುವ ಅಭ್ಯಾಸ ಹರಡುತ್ತದೆ. ನಲವತ್ತು ನಿಮಿಷಗಳಲ್ಲಿ ಚಿಂತನೆ ಪಕ್ವವಾಗುವುದೇ ಎಂಬ ಸಂಶಯವೂ ನನಗುಂಟು.

ಆದರೂ ನಮ್ಮ ತರಗತಿಗಳಿಗೆ ತರಬಹುದಾದ ಒಂದು ಪದ್ಧತಿ ಇಲ್ಲಿದೆ. ಕಾಲೇಜ್ ಬೋರ್ಡ್ ಹಳೆಯ ಪ್ರಬಂಧಪ್ರಶ್ನೆಗಳೊಡನೆ ವಿದ್ಯಾರ್ಥಿಗಳ ಉತ್ತರಗಳ ಮಾದರಿಗಳನ್ನೂ, ಅವುಗಳಿಗೆ ಅಂಕ ದೊರೆತ ಕಾರಣವನ್ನೂ ಪ್ರಕಟಿಸುತ್ತದೆ. ಅಧ್ಯಾಪಕರು ಕಾರಣವನ್ನು ಮರೆಯಲ್ಲಿಟ್ಟು ಉತ್ತರಗಳನ್ನು ಮಾತ್ರ ಹಂಚುತ್ತಾರೆ. ವಿದ್ಯಾರ್ಥಿಗಳೇ ಅಂಕ ಹಾಕಿ, ಪರಸ್ಪರ ವಾದಿಸಿ, ಆ ಮೇಲೆ ಪರೀಕ್ಷಕರ ತೀರ್ಪಿನೊಡನೆ ಹೋಲಿಸಿಕೊಳ್ಳುತ್ತಾರೆ. ಕಳೆದ ವರ್ಷದ ಇತಿಹಾಸದ ಉತ್ತರಗಳಲ್ಲಿ ಮೂರನ್ನು ಹೆಸರು ಅಳಿಸಿ ಹೀಗೆ ಹಂಚಲು ನಮಗೆ ಒಂದು ಗಂಟೆಯ ತರಗತಿ ಸಾಕು.