ಮಾಸುತ್ತಿರುವ ಜೀವನಾನಂದ

‘ಜ್ವಾ ದ ವೀವ್ರ್’ ಎಂಬ ಫ್ರೆಂಚ್ ನುಡಿಯನ್ನು ಇಂಗ್ಲಿಷರು ಇದ್ದಂತೆಯೇ ತಮ್ಮ ಭಾಷೆಗೆ ಸೇರಿಸಿಕೊಂಡಿದ್ದಾರೆ. ಬದುಕುವ ಆನಂದ ಎಂಬುದೇ ಅದರ ಅರ್ಥ. ಯಾವುದೋ ವಸ್ತು ದೊರೆತುದರಿಂದ ಬಂದ ಸುಖವಲ್ಲ, ಬದುಕಿರುವುದೇ ಒಂದು ಉಲ್ಲಾಸವೆಂಬ ಭಾವ ಅದು.

ಈ ಭಾವಕ್ಕೆ ಬಣ್ಣದ ರೂಪವನ್ನು ಕೊಟ್ಟವನು ಫ್ರಾನ್ಸಿನ ಚಿತ್ರಕಾರನಾದ ಆನ್ರಿ ಮಾತೀಸ್. 1905-06ರಲ್ಲಿ ಅವನು ರಚಿಸಿದ, ‘ಬದುಕಿನ ಆನಂದ’ವೆಂದು ಪ್ರಸಿದ್ಧವಾದ ಚಿತ್ರವು ಈಗ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿರುವ ಬಾರ್ನ್ಸ್ ಪ್ರತಿಷ್ಠಾನದಲ್ಲಿದೆ. ಸುಮಾರು 2.4 ಮೀಟರ್ ಅಗಲದ ಆ ಪಟದಲ್ಲಿ ಮರಗಳ ನಡುವಣ ಬಯಲೊಂದನ್ನು ನಾವು ಕಾಣುತ್ತೇವೆ. ಕೆಲವರು ವಿರಮಿಸಿದ್ದಾರೆ; ಕೆಲವರು ಕೊಳಲನ್ನೂದುತ್ತಿದ್ದಾರೆ; ದೂರದಲ್ಲಿ ಒಂದು ಗುಂಪು ಕೈಕೈ ಹಿಡಿದು ಕುಣಿಯುತ್ತಿದೆ.

ಆದರೆ ಇಂದು ನಮಗೆ ಕಾಣುವ ಬಣ್ಣಗಳೆಲ್ಲವೂ ಮಾತೀಸನು ಹಚ್ಚಿದವುಗಳಲ್ಲ. ನಡುವೆ ಮಲಗಿರುವ ಆಕೃತಿಗಳ ಕೆಳಗಿನ ಹಳದಿಯು ಬಿಳಿಚಿಕೊಂಡು ದಂತದ ಬಣ್ಣಕ್ಕೆ ತಿರುಗಿದೆ. ಎಡಗಡೆಯ ಮೇಲ್ಭಾಗದಲ್ಲಿ ಎಲೆಗಳ ಹಳದಿಯು ಕಂದಾಗಿದೆ. ಇದಕ್ಕೆ ಕಾರಣವೇನು?

ಈ ಹಳದಿಯು ಕ್ಯಾಡ್ಮಿಯಂ ಸಲ್ಫೈಡ್, ಎಂದರೆ ಕ್ಯಾಡ್ಮಿಯಂ ಲೋಹವೂ ಗಂಧಕವೂ ಕೂಡಿ ಆದ ಸಂಯುಕ್ತ. ಬಿಳಿಯ ಬೆಳಕು ಇದರ ಮೇಲೆ ಬಿದ್ದಾಗ ನೇರಿಳೆ ಮತ್ತು ನೀಲಿ ಕಿರಣಗಳು ಹೀರಲ್ಪಡುತ್ತವೆ. ಉಳಿದವು ಹಿಂದಿರುಗಿ ಬಂದು ನಮ್ಮ ಕಣ್ಣಿಗೆ ಹಳದಿಯಾಗಿ ತೋರುತ್ತವೆ. ಆದರೆ ಹೀರಿದ ಬೆಳಕಿನ ಶಕ್ತಿಯು ಸುಮ್ಮನಿರುವುದಿಲ್ಲ. ಗಾಳಿಯ ಆಮ್ಲಜನಕವೂ ತೇವವೂ ಅದರೊಡನೆ ಸೇರಿದಾಗ ಸಲ್ಫೈಡ್ ಮೆಲ್ಲಮೆಲ್ಲನೆ ಉತ್ಕರ್ಷಣ ಹೊಂದಿ ಸಲ್ಫೇಟ್ ಆಗುತ್ತದೆ. ಕ್ಯಾಡ್ಮಿಯಂ ಸಲ್ಫೇಟಿಗೆ ಬಣ್ಣವೇ ಇಲ್ಲ. ಅದು ನೀರಿನಲ್ಲಿಯೂ ಕರಗುತ್ತದೆ.

ರಸಾಯನವಿಜ್ಞಾನಿ ಜೆನಿಫರ್ ಮ್ಯಾಸ್ ಮತ್ತು ಅವರ ಸಂಗಡಿಗರು ಈ ಚಿತ್ರದಿಂದ ಬಣ್ಣದ ಅತಿ ಸಣ್ಣ ಕಣಗಳನ್ನು ತೆಗೆದು, ಫ್ರಾನ್ಸಿನ ಗ್ರೆನೋಬಲ್ ನಗರದ ಪ್ರಯೋಗಾಲಯದಲ್ಲಿ ಪ್ರಬಲವಾದ ಕ್ಷ-ಕಿರಣಗಳಿಂದ ಪರೀಕ್ಷಿಸಿದರು. ಮಾಸಿದ ಪದರದಲ್ಲಿ ಸಲ್ಫೇಟೂ ಬಿಳಿಯ ಕ್ಯಾಡ್ಮಿಯಂ ಕಾರ್ಬೊನೇಟೂ ಕಂಡುಬಂದುವು.

ಮಾಸಿದ ಕಡೆ ಹೊಸ ಹಳದಿಯನ್ನು ಬಳಿಯಬಹುದಲ್ಲವೇ ಎಂದು ವಾಚಕರು ಕೇಳಬಹುದು. ಬಳಿದರೆ ಅದು ಮಾತೀಸನ ಕೈಯ ಕೆಲಸವಾಗಿ ಉಳಿಯುವುದಿಲ್ಲ. ಬೆಳಕನ್ನೂ ತೇವವನ್ನೂ ಮಿತಗೊಳಿಸಿ, ಉಳಿದ ಬಣ್ಣದ ಆಯುಸ್ಸನ್ನು ಹೆಚ್ಚಿಸುವುದೊಂದೇ ನಾವು ಮಾಡಬಹುದಾದುದು. ಹಾಗೆಂದು ಚಿತ್ರವನ್ನು ಕತ್ತಲೆಯಲ್ಲಿಟ್ಟರೆ ನೋಡುವವರಿಗೆ ಅದರಿಂದ ಫಲವಿಲ್ಲ. ಯಾವ ಬೆಳಕು ಆ ಆನಂದವನ್ನು ನಮಗೆ ತೋರಿಸುತ್ತದೆಯೋ ಅದೇ ಬೆಳಕು ಅದನ್ನು ಸ್ವಲ್ಪಸ್ವಲ್ಪವಾಗಿ ಸವೆಸುತ್ತಲೂ ಇದೆ. ಎಷ್ಟು ಬೆಳಕು ಸಾಕು ಎಂಬುದನ್ನು ಅಳೆದು ಹೇಳುವ ಹೊಣೆ ಈಗ ವಿಜ್ಞಾನದ್ದಾಗಿದೆ.