ಮೌನವೂ ನಿರಾಕರಣೆಯೂ ಒಂದಲ್ಲ

ಉಷ್ಣಮಾಪಕವು ಸೊನ್ನೆಯನ್ನು ತೋರಿಸುವುದು ಬೇರೆ, ಉಷ್ಣಮಾಪಕವೇ ಇಲ್ಲದಿರುವುದು ಬೇರೆ. ಮೊದಲನೆಯದು ಅಳತೆ, ಎರಡನೆಯದು ಅಳತೆಯ ಅಭಾವ. ವಿಜ್ಞಾನದ ವಿದ್ಯಾರ್ಥಿಗಳಿಗೆ ಸುಪರಿಚಿತವಾದ ಈ ಭೇದವು ಗಣಕಯಂತ್ರದ ಲೋಕದಲ್ಲಿಯೂ ಮಹತ್ತ್ವದ್ದೆಂಬುದನ್ನು ನಾವೀಗ ನೋಡೋಣ.

ಹಲವರು ಕೂಡಿ ಬರೆಯುವ ತಂತ್ರಾಂಶದ ಒಂದೊಂದು ತಿದ್ದುಪಡಿಯನ್ನೂ ದಾಖಲಿಸಿ ಕಾಪಾಡುವ ಸಾಧನಗಳುಂಟು. ಅವುಗಳಲ್ಲಿ ಸುಪ್ರಸಿದ್ಧವಾದುದು 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ರಚಿಸಿದ ಗಿಟ್. ಇದರ ನಡವಳಿಕೆಯನ್ನು ಬಳಕೆದಾರನು ತನ್ನ ಇಚ್ಛಾನುಸಾರ ಅಣಿಗೊಳಿಸಬಹುದು. ಆ ಆಯ್ಕೆಗಳನ್ನು ಮುಖ್ಯವಾಗಿ ಮೂರು ಸ್ತರಗಳಲ್ಲಿ ಬರೆದಿಡುವುದುಂಟು: ಇಡೀ ಯಂತ್ರಕ್ಕೆ, ಒಬ್ಬ ಬಳಕೆದಾರನಿಗೆ, ಒಂದು ಭಂಡಾರಕ್ಕೆ. ಗಿಟ್ ಇವನ್ನು ಇದೇ ಕ್ರಮದಲ್ಲಿ ಓದುತ್ತದೆ. ಒಂದೇ ವಿಷಯದಲ್ಲಿ ಭಿನ್ನ ಮಾತುಗಳಿದ್ದರೆ ಕೊನೆಗೆ ಓದಿದುದೇ ಊರ್ಜಿತವಾಗುತ್ತದೆ. ಎಲ್ಲಿಯೂ ಏನನ್ನೂ ಬರೆಯದಿದ್ದಾಗ ಮಾತ್ರ ರಚನಕಾರರು ಗೊತ್ತುಪಡಿಸಿದ ಸಹಜ ಮೌಲ್ಯವು ಅನ್ವಯಿಸುತ್ತದೆ.

ಆದ್ದರಿಂದ ಇಂತಹ ಸೌಲಭ್ಯಕ್ಕೆ ಎರಡಲ್ಲ, ಮೂರು ಸ್ಥಿತಿಗಳಿವೆ: 'ಬೇಕು', 'ಬೇಡ', 'ಏನನ್ನೂ ಹೇಳಿಲ್ಲ'. ಹೊಸ ಸೌಲಭ್ಯವನ್ನು ಜಾರಿಗೆ ತರುವವನು ಕೊನೆಯ ಎರಡನ್ನು ಒಂದೆಂದೇ ಎಣಿಸಿದರೆ, 'ಬೇಡ' ಎಂದವನ ಮಾತು ಅಳಿಸಿಹೋಗುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. 2019ರಲ್ಲಿ ಹೊರಬಂದ 2.24ನೆಯ ಆವೃತ್ತಿಯಲ್ಲಿ, ಅಸಂಖ್ಯ ಕಡತಗಳಿರುವ ಭಂಡಾರಗಳ ಕೆಲಸವನ್ನು ಚುರುಕುಗೊಳಿಸಲು 'ಫೀಚರ್.ಮೆನಿಫೈಲ್ಸ್' ಎಂಬ ಆಯ್ಕೆಯನ್ನು ಸೇರಿಸಲಾಯಿತು. ಇದೊಂದನ್ನು ಒಪ್ಪಿದರೆ ಹಲವು ಸೌಲಭ್ಯಗಳು ಒಟ್ಟಿಗೆ ಜಾಗೃತವಾಗುತ್ತವೆ. 'ಅನ್‌ಟ್ರ್ಯಾಕ್ಡ್ ಕ್ಯಾಶ್' ಅವುಗಳಲ್ಲೊಂದು. ಕಡತಕೋಶವು ಕೊನೆಯ ಬಾರಿ ಬದಲಾದ ಸಮಯವನ್ನು ನೋಡಿ, ಬದಲಾಗದ ಕೋಶಗಳನ್ನು ಮತ್ತೆ ಹುಡುಕದೆ ಬಿಡುವುದು ಇದರ ಉಪಾಯ. ಆದರೆ ಆ ಸಮಯವನ್ನು ಸರಿಯಾಗಿ ಗುರುತಿಸದ ವ್ಯವಸ್ಥೆಯಲ್ಲಿ ಈ ಉಪಾಯವನ್ನು ನೆಚ್ಚಿದರೆ ಹೊಸ ಕಡತವು ಕಣ್ಣಿಗೆ ಬೀಳದೆ ಹೋದೀತು. ಅಂತಹವನು ಇದನ್ನು 'ಬೇಡ'ವೆಂದು ಬರೆದಿಟ್ಟಿದ್ದರೆ ಅದಕ್ಕೆ ಬಲವಾದ ಕಾರಣವಿದೆ. ಮೆನಿಫೈಲ್ಸ್ ಆಯ್ಕೆಯು ಸಹಜ ಮೌಲ್ಯಗಳನ್ನಷ್ಟೇ ಬದಲಿಸುವುದರಿಂದ ಅವನ ಮಾತು ಹಾಗೆಯೇ ಉಳಿಯುತ್ತದೆ.

2014ರ 2.0 ಆವೃತ್ತಿಯಲ್ಲಿಯೂ ಹೀಗೆಯೇ ನಡೆಯಿತು. ಅದುವರೆಗೆ 'ಪುಷ್' ಎಂಬ ಆಜ್ಞೆಯು ಎರಡೂ ಕಡೆ ಒಂದೇ ಹೆಸರಿದ್ದ ಶಾಖೆಗಳೆಲ್ಲವನ್ನೂ ರವಾನಿಸುತ್ತಿತ್ತು. ಅರೆಬರೆ ಕೆಲಸವೂ ಇತರರನ್ನು ತಲುಪುವ ಭಯವಿತ್ತು. ಅಂದಿನಿಂದ ಪ್ರಸ್ತುತ ಶಾಖೆಯೊಂದೇ ಹೋಗುವಂತಾಯಿತು. ಏನನ್ನೂ ಆರಿಸದವರಿಗೆ ಮುಂಚಿತವಾಗಿಯೇ ಎಚ್ಚರಿಕೆ ಕೊಡಲಾಗಿತ್ತು. ಹಳೆಯ ರೀತಿಯನ್ನು ಸ್ಪಷ್ಟವಾಗಿ ಆರಿಸಿಕೊಂಡವರಿಗೆ ಅದೇ ಮುಂದುವರಿಯಿತು.

ಕ್ರಮವಿಧಿಗಳನ್ನು ಬರೆಯಲು ತೊಡಗುವ ವಿದ್ಯಾರ್ಥಿಗಳು ಈ ವಿಧಾನವನ್ನು ಗಮನಿಸಬೇಕು. ಮೌಲ್ಯವು ಏನೆಂದು ಕೇಳುವ ಮೊದಲು, ಮೌಲ್ಯವು ಇದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ತುಂಬಬಹುದು, ಇದ್ದರೆ ಅದನ್ನು ಮುಟ್ಟಬಾರದು.