ತಟ್ಟೆ ಪೇರಿಸಿದರೆ ಪೇಟೆಂಟ್ ಸಿಕ್ಕೀತೇ?

ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುವ ಸ್ಟ್ಯಾಕ್‌ನ, ಅಂದರೆ ತಟ್ಟೆಗಳಂತೆ ಪೇರಿಸಿದ ಕೋಶಗಳ, ನಕ್ಷೆ ಹಿಡಿದು ಬಂದವರನ್ನು ನಾನು ಮೊದಲು ಕೇಳುವುದು, ‘ಇದರಲ್ಲಿ ನಿಮ್ಮದು ಯಾವುದು ಸ್ವಾಮಿ?’ ವಿದ್ಯುತ್ತಿನಿಂದ ನೀರೊಡೆಯುವುದನ್ನು ನಿಕಲ್ಸನ್, ಕಾರ್ಲೈಲ್ 1800ರಲ್ಲೇ ತೋರಿಸಿದ್ದರು. ಕೋಶಗಳನ್ನು ಪೇರಿಸುವುದೂ ಹಳತೇ. ಗೊತ್ತಿರುವ ಸಾಧನಗಳು ತಂತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ, ಅವನ್ನು ಬರೀ ಮರುಜೋಡಿಸುವುದು ಆವಿಷ್ಕಾರವಲ್ಲ ಎನ್ನುತ್ತದೆ ನಮ್ಮ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎಫ್). ಹತ್ತು ಕೋಶ ಇಪ್ಪತ್ತಾದರೆ ಅನಿಲ ಹೆಚ್ಚೀತು, ಹಕ್ಕು ಹುಟ್ಟದು.

ನನಗೆ ಕುತೂಹಲ ಸಣ್ಣ ಜಾಗಗಳಲ್ಲಿ. ಎಲ್ಲ ಕೋಶಗಳಿಗೂ ಕ್ಷಾರದ್ರಾವಣ ಹರಿಸುವ ನಾಲೆಯಲ್ಲಿ ಒಂದಷ್ಟು ವಿದ್ಯುತ್ ಅಡ್ಡದಾರಿ ಹಿಡಿದು ಪೋಲಾಗುತ್ತದೆ. ಅದನ್ನು ತಗ್ಗಿಸುವ ಹೊಸ ನಾಲೆಯ ವಿನ್ಯಾಸ ಈ ಕಸುಬಿನ ಪರಿಣತರಿಗೂ ಸುಲಭಕ್ಕೆ ಹೊಳೆಯದ್ದಾದರೆ, 20 ವರ್ಷದ ಹಕ್ಕು ಕೇಳಬಹುದು. ಅರ್ಜಿಗೆ ಮೊದಲೇ ಯೂಟ್ಯೂಬಿಗೆ ಏರಿಸಿದಿರೋ, ಹೊಸತನ ಕೆಟ್ಟಿತು. ಇನ್ನು ‘ನೀರಿನಿಂದಲೇ ಕಾರು ಓಡಿಸುತ್ತೇನೆ’ ಎನ್ನುವವರನ್ನು, ನಿಸರ್ಗ ನಿಯಮಕ್ಕೆ ವಿರುದ್ಧವಾದುದನ್ನು ಒಪ್ಪದ ಕಲಂ 3(ಎ) ಬಾಗಿಲಲ್ಲೇ ತಡೆಯುತ್ತದೆ.